ಹಸಿ ಬಣ್ಣದ ಬೆಂಚು

"ಒರಗಬೇಡಿ, ಪೇಂಟ್ ಹಸಿ ಉಂಟು," ಎಂದು ಹಯಗ್ರೀವ ಮೊಬೈಲ್ ಎತ್ತಿ ಹಿಡಿದ.

ಐವರು ಹೆಂಗಸರು ಹೊಸ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕೂರುವ ಹಲಗೆ ಒಣಗಿತ್ತು; ಒರಗುವ ಮೂರು ಹಸಿರು ಪಟ್ಟಿಗಳು ಒಣಗಿರಲಿಲ್ಲ. ಖಾರಘರದ ಈ ಏಳು ಮಹಡಿಯ ಸೈಟಿನಲ್ಲಿ ವಿಶ್ರಾಂತಿಯೆಂದರೆ ದಿನಕ್ಕೊಂದು ಫೋಟೋ, ಅದರ ಮೂಲೆಯಲ್ಲಿ ಗಂಟೆ, ನಿಮಿಷ. ಫೋಟೋ ಆಫೀಸಿಗೆ ಹೋಗುತ್ತದೆ, ಹೆಂಗಸರು ಇಟ್ಟಿಗೆ ಹೊರಲು ಹೋಗುತ್ತಾರೆ.

ಐದು ಗಂಟೆ ದುಡಿದವರಿಗೆ ಅರ್ಧ ಗಂಟೆ ಬಿಡುವು ಕೊಡಬೇಕೆಂಬ ನಿಯಮ ಹಯಗ್ರೀವನಿಗೆ ಬಾಯಿಪಾಠ. ಕಾರ್ಮಿಕ ಕಾನೂನು ಓದಿದವನು; ವೆಲ್‌ಫೇರ್ ಆಫೀಸರ್ ಎಂಬ ಬಿಲ್ಲೆ ಎದೆಯ ಮೇಲಿದೆ. ಟಿಟ್ವಾಳಾದಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುವ ಈ ಮಹಾಶಯ ಇತರರನ್ನು ಕೂರಿಸಿ ಸಂಬಳ ಪಡೆಯುತ್ತಾನೆ.

ನಾಲ್ವರು ಎದ್ದರು. ಮರಗಮ್ಮ ಏಳಲಿಲ್ಲ. ಯಾದಗಿರಿ ಕಡೆಯವಳು, ಮೂರು ದಿನದಿಂದ ಜ್ವರ. ಒರಗಿ ನಿದ್ದೆ ಹೋಗಿದ್ದಳು.

ನಿಯಮದ ಪ್ರಕಾರ ಅವಳಿಗೆ ಇನ್ನೂ ಇಪ್ಪತ್ತಾರು ನಿಮಿಷವಿತ್ತು. ಮಲಗಲಿ, ಅಂದುಕೊಂಡ. ಎಷ್ಟೋ ದಿನದ ಮೇಲೆ ತನ್ನ ಬಗ್ಗೆ ಅವನಿಗೇ ಸ್ವಲ್ಪ ಗೌರವ ಹುಟ್ಟಿತು. ಫೋನ್ ಬರುವವರೆಗೆ ಅದು ಇತ್ತು.

ಗುತ್ತಿಗೆದಾರ ತಾರಾನಾಥ. "ಫೋಟೋ ಲಾಯ್ಕ ಬಂದಿದೆ ಮಾರಾಯ್ರೇ. ಏಳನೇ ಮಹಡಿಯಲ್ಲಿ ಇಟ್ಟಿಗೆ ಇಲ್ಲದೆ ಮೇಸ್ತ್ರಿ ಖಾಲಿ ಕೂತಿದ್ದಾನಂತೆ. ಎಲ್ಲರನ್ನೂ ಕಳಿಸಿದ್ರಾ?"

"ಒಬ್ಬಳಿಗೆ ಜ್ವರ..."

"ಅವಳು ಫೋಟೋದಲ್ಲಿ ಇದ್ದಾಳಲ್ಲ?"

"ಇದ್ದಾಳೆ."

"ಮತ್ತೆಂಥದು?"

ಎಂಥದೂ ಇಲ್ಲ. ಹಯಗ್ರೀವ ಬೂಟಿನಿಂದ ಬೆಂಚಿನ ಕಾಲು ತಟ್ಟಿದ. ಹೆಂಗಸನ್ನು ಮುಟ್ಟಿ ಎಬ್ಬಿಸುವುದು ಸಭ್ಯತೆಯಲ್ಲ. ಅಷ್ಟು ಸಂಸ್ಕಾರ ಅವನಿಗಿತ್ತು.

"ಏಳು ಮರಗಮ್ಮ. ಫೋಟೋ ಆಯ್ತಲ್ಲ."

ಅವಳು ಕಣ್ಣು ಬಿಟ್ಟು ಮೊಬೈಲನ್ನೇ ನೋಡಿದಳು. "ಅದ್ರಾಗ ನಾ ಕುಂತೀನೇನ್ರಿ ಸಾಹೇಬ್ರ?"

"ಹೌದು."

"ಇನ್ನಾ ಕುಂತೀನಲ್ರಿ? ಹಂಗಾರ ಫೋಟೋದಾಗಿನ ಅಕಿನ್ನ ಕಳಸ್ರಿ ಮ್ಯಾಲ."

ಅವನು ಗಡಿಯಾರ ನೋಡಿಕೊಂಡ. ಅವಳು ಎದ್ದು ತಲೆಗೆ ಸಿಂಬಿ ಸುತ್ತಿ ಎಂಟು ಇಟ್ಟಿಗೆ ಹೇರಿಕೊಂಡಳು. ಬೆನ್ನ ಮೇಲೆ ಮೂರು ಹಸಿರು ಪಟ್ಟಿಗಳು ಅಚ್ಚೊತ್ತಿದ್ದವು.

ಮೆಟ್ಟಿಲಿಗೆ ಇನ್ನೂ ಗೋಡೆ ಕಟ್ಟಿರಲಿಲ್ಲ. ಎರಡನೆಯ ಮಹಡಿಯಲ್ಲಿ ಪಟ್ಟಿಗಳು ಕಂಡವು, ಮೂರನೆಯದರಲ್ಲಿ ಕಂಡವು. ಬೆಂಚೇ ಅವಳ ಬೆನ್ನೇರಿ ಕೆಲಸಕ್ಕೆ ಹೊರಟಿತ್ತು.

ಮತ್ತೆ ಫೋನ್. "ಬೆಂಚಿನ ಪೇಂಟ್ ಹಾಳಾಗಲಿಲ್ಲ ತಾನೆ?"

ಹಯಗ್ರೀವ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ಐದನೆಯ ಮಹಡಿಯಲ್ಲಿ ಬೆಂಚು ನಿಂತಿತು. ಆರನೆಯದಕ್ಕೆ ಬರಲಿಲ್ಲ.