ಬಿಸಿ ಆರುವ ಮೊದಲು

ಮೊರಿಕಾವಾ ಎರಡನೆಯ ಚಾಕನ್ನೂ ಹಿಂದಕ್ಕೆ ಕಳಿಸಿದ. ಸಾಕಾಯಿ ಊರಿನಲ್ಲಿ ನಾವು ಕಾಸಿ ಬಡಿದ ಮೀನಿನ ಚಾಕುಗಳಿಗೆ ಸಾಣೆ ಹಿಡಿಯುವವನು ಅವನೇ. ಬಾಗಿದೆ ಎಂದಷ್ಟೇ ಹೇಳಿ ಕಳಿಸಿದ್ದ. ನನ್ನ ಗಂಡ ಕಿಹಾಚಿ ಅದನ್ನು ಮೂಲೆಗೆ ಎಸೆದು, "ನಿನ್ನ ಮಣ್ಣು ಸರಿಯಿಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಬೆಂಕಿಗಿಡುವ ಮೊದಲು ಅಲಗಿಗೆ ಮಣ್ಣು ಬಳಿಯುವವಳು ನಾನು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ನೀರಿಗಿಳಿದಾಗ ಒಂದು ಮಗ್ಗುಲು ಬೇಗ ಆರಿ ಅಲಗು ಸೊಟ್ಟಗಾಗುತ್ತದೆ. ಅಷ್ಟೂ ಗೊತ್ತಿಲ್ಲವೇ ನನಗೆ? ಮೂರನೆಯದೂ ಬಾಗಿದರೆ ಮೊರಿಕಾವಾ ಬೇರೆ ಕುಲುಮೆ ನೋಡಿಕೊಳ್ಳುತ್ತಾನೆ. ನಮ್ಮ ಬೆಂಕಿ ಅಲ್ಲಿಗೆ ಆರಿದಂತೆ.

ಮೂರನೆಯದಕ್ಕೆ ಹಟ ಹಿಡಿದು ಬಳಿದೆ. ಚೆನ್ನಾಗಿ ಒಣಗಿಸಿ, ಬೆರಳಲ್ಲಿ ಸವರಿ ನೋಡಿ ಕೊಟ್ಟೆ. ಕಾದ ಬಣ್ಣ ಸರಿಯಾಗಿ ಕಾಣಲೆಂದು ಎಂದಿನಂತೆ ಹಲಗೆ ಹಾಕಿ ಕಿಟಕಿ ಮುಚ್ಚಿದೆ.

"ಯಾವ ಬಣ್ಣ ಬಂದಿದೆ, ಹೇಳು ನೋಡೋಣ" ಎಂದರು.

"ಪರೀಕ್ಷೆ ಮಾಡ್ತೀರಾ? ನಾನೇನು ಹೊಸ ಸೊಸೆನಾ?"

"ಹೇಳೇ."

"ಸಂಜೆ ಸೂರ್ಯನ ಬಣ್ಣ. ತುದಿ ಮಾತ್ರ ಇನ್ನೂ ಕಪ್ಪಗಿದೆ."

ಅವರು ತುದಿಯನ್ನು ಇದ್ದಿಲಿನೊಳಗೆ ತಳ್ಳಿದರು. "ಈಗ?"

"ಈಗ ಎಲ್ಲಾ ಒಂದೇ."

ಆ ಕ್ಷಣವೇ ನೀರಿಗಿಳಿಸಿದರು. ಬಣ್ಣದ ವಿಷಯದಲ್ಲಿ ಅವರು ಬೇರೆಯವರ ಮಾತು ಕೇಳಿದವರೇ ಅಲ್ಲ.

ನೀರಿನಲ್ಲಿ ಅಲಗು ಸೀಳಿದ ಸದ್ದು ಬರಲಿಲ್ಲ. ಅಲಗನ್ನು ಕೆಂಡದ ಮೇಲೆ ಹಿಡಿದು, ನೀರು ಚಿಮುಕಿಸಿ, ಹನಿ ಚುರುಗುಟ್ಟುವುದನ್ನು ಕೇಳುತ್ತ ಹದಕ್ಕೆ ತಂದರು. ನಾನು ಹಲಗೆ ತೆಗೆದೆ. ಅವರು ಅಲಗನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ನೋಡಿದರು.

"ನೆಟ್ಟಗಿದೆ" ಎಂದರು.

ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ನಡುವಿನಿಂದ ತುದಿಯವರೆಗೆ ಎಡಕ್ಕೆ ವಾಲಿತ್ತು.

ಮಣ್ಣು ಸಮವಿದ್ದರೂ ನೀರಿಗಿಳಿದ ಅಲಗು ಒಮ್ಮೊಮ್ಮೆ ಬಾಗುವುದುಂಟು. ಬಿಸಿ ಇರುವಾಗ ಬಡಿದರೆ ನೇರವಾಗುತ್ತದೆ, ಆರಿದ ಮೇಲೆ ಬಡಿದರೆ ಮುರಿಯುತ್ತದೆ. ಹೇಳಿದರೆ ಚಾಕು ಉಳಿಯುತ್ತದೆ, ಅವರು ಬಚ್ಚಿಟ್ಟದ್ದು ಉಳಿಯುವುದಿಲ್ಲ. ಅವರ ಕೋಪಕ್ಕೆ ನಾನು ಎಂದೂ ಹೆದರಿದವಳಲ್ಲ. ಇದನ್ನು ನೆಟ್ಟಗಿದೆ ಎಂದ ಆ ಮಬ್ಬು ಕಣ್ಣುಗಳಿಗೆ ಹೆದರಿದೆ.

"ರೀ, ಬಾಗಿದೆ."

ಅಲಗು ಆರುತ್ತಿತ್ತು. ಅವರು ಸುತ್ತಿಗೆಯನ್ನು ನನ್ನ ಕಡೆ ಚಾಚಿದರು.

"ಕೊರಡಿನ ಮೇಲಿಟ್ಟು ಮೆಲ್ಲಗೆ ಹೊಡಿ."

"ನಾನಾ?"

"ಆರ್ತಾ ಇದೆ, ಹೊಡಿಯೇ."

ಹೊಡೆದೆ. ಎತ್ತಿ ನೋಡಿದೆ. ಮತ್ತೆ ಹೊಡೆದೆ. ಪ್ರತಿ ಪೆಟ್ಟಿಗೂ ಈಗ ಸೀಳಿತು, ಈಗ ಸೀಳಿತು ಎನಿಸುತ್ತಿತ್ತು. ಕೊನೆಗೆ ಬೆಳಕಿಗೆ ಹಿಡಿದಾಗ ಅಲಗು ನೇರವಾಗಿತ್ತು.

"ಸರಿಹೋಯ್ತು."

"ಸುಳ್ಳಲ್ಲ ತಾನೇ?"

"ಮೊರಿಕಾವಾನನ್ನೇ ಕೇಳಿ."

ಅವರು ಗೋಡೆ ತಡವಿಕೊಂಡು ಹೋಗಿ ನಾನು ಕೂರುವ ಮಣೆಯ ಮೇಲೆ ಕೂತರು. ನನ್ನ ಬಟ್ಟಲಿನ ಮಣ್ಣನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಮಣ್ಣು ಚೆನ್ನಾಗೇ ಇತ್ತು, ಟೋಮಿ. ಇನ್ಮೇಲೆ ಇದನ್ನ ನಾನು ಬಳೀತೀನಿ. ಇದಕ್ಕೆ ಬೆರಳು ಸಾಕು."

ಕುಲುಮೆಯ ಮುಂದೆ ಅವರ ಜಾಗ ಖಾಲಿಯಿತ್ತು.

"ನೀನು ಮಣ್ಣು ಬಳಿದಿಟ್ಟ ಇನ್ನೊಂದು ಅಲಗು ಒಣಗಿದೆಯಲ್ಲ. ಕಿಟಕಿ ಮುಚ್ಚು" ಎಂದರು. "ಕತ್ತಲೆ ಈಗ ನಿನಗೆ ಬೇಕು."

ಮುಚ್ಚಿದೆ. ಇಕ್ಕಳ ತೆಗೆದುಕೊಂಡು ಅವರ ಜಾಗಕ್ಕೆ ಹೋದೆ.