ಏಳು ಸೆಕೆಂಡಿನ ಕೆಲಸ

"ಏನಮ್ಮಾ ಅನಸೂಯಾ, ಇದೇನು ಧರ್ಮಛತ್ರ ಅಂದ್ಕೊಂಡಿದ್ದೀಯಾ? ಅತ್ತು ಕರೆದೋರಿಗೆಲ್ಲಾ ಕೆಂಪು ಒತ್ಕೊಂಡು ಕೂತಿದ್ರೆ ಕಂಪನಿಗೆ ಬೀಗ ಹಾಕ್ಬೇಕು ಅಷ್ಟೇ. ಎದ್ದು ನಿಂತ್ಕೋ. ಎಲ್ಲರೂ ನೋಡಲಿ."

ಅನಸೂಯ ಎದ್ದು ನಿಂತಳು. ಮದರಾಸಿನ ಪೆರುಂಗುಡಿಯ ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತಿದ್ದ ನಲವತ್ತು ಜನರೂ ಕತ್ತು ತಿರುಗಿಸಿ ನೋಡಿದರು. ಟೀಮ್ ಲೀಡರ್ ಗಿರಿಧರ್ ಅವಳ ತಪ್ಪನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದ. ಒಬ್ಬ ಕುರುಡ ಮುದುಕನ ಕೇಸು. ಡಯಾಲಿಸಿಸ್ಸಿಗೆ ಐದು ಸಲ ಬಂದಿಲ್ಲ. ಕೈಹಿಡಿದು ಕರೆತರುತ್ತಿದ್ದ ಮೊಮ್ಮಗಳು ತೀರಿಹೋದಳು ಎಂದು ಬರೆಸಿದ್ದಾನೆ.

"ಇದು ಡಮ್ಮಿ ಕಣಮ್ಮಾ! ಈ ಮುದುಕ ಭೂಮಿ ಮೇಲೇ ಇಲ್ಲ. ನಿನ್ನ ಕರುಳು ಎಷ್ಟು ಉದ್ದ ಇದೆ ಅಂತ ಅಳೆಯೋಕೆ ನಾವೇ ಮಾಡಿದ್ದು. ಐದು ಸಲ ತಪ್ಪಿಸಿದ್ರೆ ಏನು ಒತ್ಬೇಕು? ಬಾಯಿ ಬಿಡು."

"ಹಸ್ರು ಸಾರ್."

"ಜೋರಾಗಿ!"

"ಹಸ್ರು ಸಾರ್!"

ಯಾರೋ ಕಿಸಕ್ಕೆಂದರು. ಅನಸೂಯಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮೂವತ್ತೇಳು ವರ್ಷದ ಹೆಂಗಸು, ಹತ್ತನೇ ತರಗತಿಯಲ್ಲಿರುವ ಮಗಳ ತಾಯಿ. ಅವಳನ್ನು ಇಸ್ಕೂಲಿನ ಹುಡುಗಿಯ ಹಾಗೆ ನಿಲ್ಲಿಸಿಬಿಟ್ಟ.

ಈ ಗಿರಿಧರ್ ಮೈಸೂರಿನವನು, ಮದರಾಸಿಗೆ ಬಂದು ಎರಡು ವರ್ಷ. ಅವಳು ಕೆಲಸಕ್ಕೆ ಸೇರಿದ ದಿನ "ಓಹೋ, ನೀವು ಕನ್ನಡದವರಾ! ಯಾವ ಕಡೆ?" ಎಂದು ಬಾಯ್ತುಂಬ ಕೇಳಿದ್ದ. ಕೊಳ್ಳೇಗಾಲದ ಕಡೆ, ಅಪ್ಪ ರೈಲ್ವೇಲಿ ಗ್ಯಾಂಗ್‌ಮನ್ ಆಗಿದ್ದರು, ಕ್ರೋಂಪೇಟೆಯಲ್ಲೇ ಬೆಳೆದಿದ್ದು ಎಂದಳು. ಊರಿನಲ್ಲಿ ಯಾವ ಬೀದಿ ಎಂದೂ ಕೇಳಿದ. ಹೇಳಿದಳು. ಆ ಗಳಿಗೆಗೇ 'ನೀವು' ಹೋಗಿ 'ನೀನು' ಬಂತು. ಪಕ್ಕದ ಸಾಲಿನ ಶ್ರೀಯಾ ಇವಳಿಗಿಂತ ಹದಿನೈದು ವರ್ಷ ಚಿಕ್ಕವಳು, ಅವಳಿಗೆ ಇವತ್ತಿಗೂ "ತಿಂಡಿ ಆಯ್ತೇನ್ರೀ?"

ಕೆಲಸವೆಂದರೆ ಇಷ್ಟೇ. ನಗರದ ತುಂಬ ಡಯಾಲಿಸಿಸ್ ಕೇಂದ್ರಗಳನ್ನು ಇಟ್ಟಿರುವ ಒಂದು ಸಂಸ್ಥೆ. ಕಿಡ್ನಿ ಕೆಟ್ಟವರಿಗೆ ವಾರಕ್ಕೆ ಮೂರು ಸರದಿ. ಎರಡು ಸರದಿಯೋ ಹೆಚ್ಚೋ ತಪ್ಪಿಸಿದವರ ಹೆಸರು ಹೊಡೆದು, ಕಾದಿರುವ ಇನ್ನೊಬ್ಬರನ್ನು ಆ ಜಾಗಕ್ಕೆ ಹಾಕುವುದು ಯಂತ್ರದ ತೀರ್ಮಾನ. ಆದರೆ ರೋಗಿಯ ಹೆಸರು ಹೊಡೆಯುವ ಮುಂಚೆ ಒಬ್ಬ ಮನುಷ್ಯ ನೋಡಿರಲೇಬೇಕು ಅಂತ ಒಪ್ಪಂದದಲ್ಲಿ ಬರೆದಿದೆಯಂತೆ. ಆ ಮನುಷ್ಯರು ಈ ನಲವತ್ತು ಜನ. ಯಂತ್ರ ಹೇಳಿದ್ದು ಸರಿ ಎಂದರೆ ಹಸಿರು ಗುಂಡಿ, ಅಲ್ಲ ಎಂದರೆ ಕೆಂಪು. ಒಂದು ಕೇಸಿಗೆ ಏಳು ಸೆಕೆಂಡು. ಕೆಂಪು ಒತ್ತಿದರೆ ಇಂಗ್ಲಿಷಿನಲ್ಲಿ ಮೂರು ಸಾಲು ಕಾರಣ ಬರೆಯಬೇಕು, ಅಷ್ಟರಲ್ಲಿ ಮುಂದಿನ ಕೇಸಿನ ಗಡಿಯಾರ ಓಡತೊಡಗಿರುತ್ತದೆ. ನೂರರಲ್ಲಿ ಮೂರು ಕೆಂಪು ದಾಟಿದರೆ ಗಿರಿಧರ್ ಕರೆಯುತ್ತಾನೆ. ಇವರು ನಿಜವಾಗಿ ನೋಡುತ್ತಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಲು ನಡುನಡುವೆ ಸುಳ್ಳು ಕೇಸುಗಳನ್ನೂ ತೂರಿಸುತ್ತಾರೆ. ಅವೇ ಡಮ್ಮಿಗಳು.

ಮಧ್ಯಾಹ್ನ ಕೆಳಗಿನ ಟೀ ಅಂಗಡಿಯಲ್ಲಿ ಅಂದಾನಿ ಅವಳಿಗೆ ವಡೆ ಕೊಡಿಸಿದ. ಪಕ್ಕದ ಕುರ್ಚಿಯವನು, ಐವತ್ತರ ಆಸುಪಾಸು. ಕ್ರೋಂಪೇಟೆಯ ಚರ್ಮದ ಕಾರ್ಖಾನೆಯ ಆಫೀಸಿನಲ್ಲಿದ್ದವನು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಅವಳ ಸೀಮೆಯವನೇ.

"ಅಳ್ಬ್ಯಾಡ ಕನವ್ವ. ಈ ಬೋಳಿಮಕ್ಳು ಡಮ್ಮಿನ ಎಂಗ್ ಮಾಡ್ತರೆ ಗೊತ್ತಾ? ಥೇಟ್ ಸಿನಿಮಾದಂಗೆ. ದಿಟ್ವಾಗ್ಲೂ ಕಷ್ಟದಲ್ಲಿರೋರು ಏನ್ ಬರ್ದರು? 'ಜ್ವರ'. 'ಬಸ್ಸಿರ್ನಿಲ್ಲ'. ಮುಗೀತು. ನೋಡ್ತಿದ್ದಂಗೆ ನಿನ್ ಕಣ್ಣಲ್ಲಿ ನೀರ್ ಬಂತಾ? ಅದು ಡಮ್ಮಿನೇ. ಹಸ್ರು ಒತ್ಬುಟ್ಟು ಮುಂದಕ್ಕೋಗು."

"ದಿಟ ಆಗಿದ್ರೆ ಅಣ್ಣ?"

"ಆಗಿರಲ್ಲ ಕನ. ನಾಕ್ ವರ್ಸದಿಂದ ನೋಡಿವ್ನಿ."

ಅನಸೂಯ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಹದಿನೈದು ದಿನ ಅದು ಕೈಕೊಡಲಿಲ್ಲ. ಗಿರಿಧರ್ ಅವಳ ಹೆಸರನ್ನು ಮತ್ತೆ ಎತ್ತಲಿಲ್ಲ.

ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯಿತು ನೋಡಿ, ಮೂರು ದಿನ ಆಕಾಶಕ್ಕೆ ತೂತು ಬಿದ್ದಂತೆ ಸುರಿಯಿತು. ಶಾಲೆಗೆ ರಜೆ, ರೈಲು ನಿಂತಿತು. ಕಂಪನಿ ವ್ಯಾನು ಮಾತ್ರ ನೀರು ಸೀಳಿಕೊಂಡು ಬಂತು. ಆವತ್ತು ಕೇಸುಗಳೂ ಪ್ರವಾಹ. ಎಲ್ಲರೂ ಸರದಿ ತಪ್ಪಿಸಿದವರೇ! ಮಳೆ ಬಂದಿದೆ ಎಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ, ನೂರಕ್ಕೆ ಮೂರೇ ಕೆಂಪು ಎನ್ನುವ ಲೆಕ್ಕವನ್ನೂ ಯಾರೂ ಸಡಿಲಿಸಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೇ ಅನಸೂಯ ಆ ಲೆಕ್ಕದ ಅಂಚಿಗೆ ಬಂದಿದ್ದಳು, ಇನ್ನೊಂದು ಕೆಂಪು ಒತ್ತಿದರೂ ಗಿರಿಧರ್ ಕರೆಯುತ್ತಿದ್ದ.

ಆಗ ಅವಳು ಪರದೆಗೆ ಬಂದಳು. ಅಂಜಲೈ, ನಲವತ್ತೊಂದು ವರ್ಷ, ಪಳ್ಳಿಕರಣೈ. ಎರಡು ಸರದಿ ತಪ್ಪಿದೆ. ಜೊತೆಗೊಂದು ಫೋಟೋ. ನೈಟಿ ತೊಟ್ಟ ಹೆಂಗಸು ಸೊಂಟದ ಮಟ್ಟದ ನೀರಿನಲ್ಲಿ ತನ್ನ ಮನೆಯೊಳಗೇ ನಿಂತಿದ್ದಾಳೆ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈ ನೆನೆಯಬಾರದೆಂದು ಪ್ಲಾಸ್ಟಿಕ್ ಕವರು ಸುತ್ತಿ ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ಕೆಳಗೆ ತಮಿಳಿನಲ್ಲಿ: ದೋಣಿ ಬಂದರೆ ಖಂಡಿತ ಬರುತ್ತೇನೆ, ನನ್ನ ಜಾಗ ಕೊಟ್ಟುಬಿಡಬೇಡಿ.

ಅನಸೂಯಳ ಬೆರಳು ಕೆಂಪಿನ ಕಡೆಗೇ ಹೋಯಿತು. ಕಣ್ಣು ಹನಿಗೂಡಿತು, ಹನಿಗೂಡಿದ್ದೇ ತಡ, ಅಂದಾನಿಯ ಮಾತು ನೆನಪಾಯಿತು. ಎತ್ತಿದ ಕೈಯಂತೆ, ದೋಣಿಯಂತೆ! ಅಬ್ಬಾ, ಈ ಸಲ ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದುಕೊಂಡು ಹಸಿರು ಒತ್ತಿದಳು. ಒತ್ತಿ ಸಣ್ಣಗೆ ನಕ್ಕಳು ಕೂಡ. ಮುಂದಿನ ಕೇಸು ಬಂತು.

ಮೂರು ವಾರ ಕಳೆದು ಒಂದು ಸೋಮವಾರ ಬೆಳಿಗ್ಗೆ ವ್ಯಾನು ಗೇಟಿಗೆ ತಿರುಗಿತು. ಕಿಟಕಿಯ ಹೊರಗೆ ಆ ಕೈ ಕಂಡಿತು.

ಅದೇ ಕೈ, ಅದೇ ಪ್ಲಾಸ್ಟಿಕ್ ಕವರು, ಅದೇ ನೈಟಿ. ಫ್ಲೆಕ್ಸಿನಲ್ಲಿ ಆಳೆತ್ತರಕ್ಕೆ ಮುದ್ರಿಸಿ ಬಿದಿರು ಕೋಲಿಗೆ ಹೊಡೆದಿದ್ದರು. ಹೆಂಗಸಿನ ಕೊರಳಿಗೆ ಚೆಂಡುಹೂವಿನ ಹಾರ ಬರೆದಿದ್ದರು, ಕೆಳಗೆ ಹುಟ್ಟಿದ ದಿನ, ಸತ್ತ ದಿನ. ಕೋಲು ಹಿಡಿದು ನಿಂತಿದ್ದವನು ಲುಂಗಿಯುಟ್ಟ ಸಣಕಲು ಗಂಡಸು, ಅಂಜಲೈಯ ಗಂಡ. ಒಳಗೆ ಹೋಗುವ ಒಂದೊಂದು ವಾಹನಕ್ಕೂ ಒಂದೇ ಮಾತು ಕೂಗುತ್ತಿದ್ದ: "ಯಾರ್ ಪಾತ್ತದು? ಅಂದ ಆಳ ಕಾಟ್ಟುಂಗ!" ನೋಡಿದವರು ಯಾರು, ಆ ಮನುಷ್ಯರನ್ನು ತೋರಿಸಿ. 'ನಮ್ಮ ಪರಿಶೀಲಕರು ಖುದ್ದಾಗಿ ನೋಡಿ ತೀರ್ಮಾನಿಸಿದ್ದಾರೆ' ಎಂದು ಅಂಜಲೈಯ ಮನೆಗೆ ಕಾಗದ ಹೋಗಿತ್ತು. ನೀರು ಇಳಿದ ಮೇಲೆ ಮೂರು ಕೇಂದ್ರಗಳ ಬಾಗಿಲು ಬಡಿದು, ಎಲ್ಲೂ ಜಾಗ ಸಿಗದೆ, ಅವಳು ಒಂಬತ್ತನೇ ದಿನ ಸತ್ತಿದ್ದಳು.

ಅನಸೂಯ ಮೇಲೆ ಹೋದವಳೇ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ಅವಳು ನಿಜ! ಅವಳು ಊಟ ಮಾಡುತ್ತಿದ್ದವಳು, ನಿದ್ದೆ ಮಾಡುತ್ತಿದ್ದವಳು. ನೋಡಿ ನಕ್ಕಿದ್ದೆನಲ್ಲಾ ಎಂದು ತಲೆ ಚಚ್ಚಿಕೊಂಡಳು.

ಬುಧವಾರ ಗಿರಿಧರ್ ಕರೆಸಿದ. ಸಣ್ಣ ಕೋಣೆ, ತಣ್ಣನೆ ಗಾಳಿ, ಮೇಜಿನ ಮೇಲೆ ಕಾಫಿ.

"ಬನ್ನಿ ಅನಸೂಯಾ ಅವರೇ, ಕೂತ್ಕೊಳ್ಳಿ. ಕಾಫಿ ತಗೊಳ್ಳಿ."

ಆ 'ನೀವು' ಕೇಳಿ ಅವಳು ಕುರ್ಚಿಯ ಅಂಚಿನಲ್ಲೇ ಕೂತಳು. ಅವನು ಅವಳ ಹೆಸರಿನಲ್ಲಿ ಬರೆದ ಇಂಗ್ಲಿಷಿನ ಒಂದು ಹಾಳೆ ಮುಂದೆ ತಳ್ಳಿ, ತಾನೇ ಅರ್ಥ ಹೇಳಿದ. ಅಂಜಲೈಯ ಅರ್ಜಿ, ಫೋಟೋ ಎಲ್ಲವನ್ನೂ ನಾನು ಸಂಪೂರ್ಣವಾಗಿ ಪರಿಶೀಲಿಸಿದೆ. ಯಂತ್ರದ್ದು ಸಲಹೆ ಮಾತ್ರ. ತೀರ್ಮಾನ ನನ್ನದೇ, ಯಾರ ಒತ್ತಡವೂ ಇರಲಿಲ್ಲ.

"ಪೋಲೀಸ್ ಕಂಪ್ಲೇಂಟ್ ಆಗಿದೆ. ಲಾಯರ್ ಕೇಳ್ತಿದ್ದಾರೆ, ಮನುಷ್ಯರು ನೋಡಿದ್ದಾರಾ ಅಂತ. ನೀವು ನೋಡಿದ್ದೀರಿ ತಾನೇ? ಅಷ್ಟು ಹೇಳಿದ್ರೆ ಸಾಕು. ನಮ್ಮೋರು ನೀವು, ನಿಮ್ಮನ್ನ ಬಿಟ್ಟುಕೊಡ್ತೀವಾ?"

"ಸಾರ್, ಏಳ್ ಸೆಕೆಂಡು ಅಂತ ಇದ್ರಲ್ಲಿ ಎಲ್ ಬರ್ದದೆ?"

"ಅದೆಲ್ಲಾ ಒಳಗಿನ ವಿಷಯ."

"ಮಳೆ ದಿನಾನೂ ಮೂರೇ ಕೆಂಪು ಅಂದ್ರಲ್ಲ, ಅದು? ಡಮ್ಮಿದು?"

ಗಿರಿಧರನ ಮುಖದ ಬಣ್ಣ ಬದಲಾಯಿತು. "ನೋಡೇ, ಡಮ್ಮಿ ಅನ್ನೋ ಮಾತು ಈ ರೂಮಿಂದ ಆಚೆ ಹೋಯ್ತೋ, ಅಷ್ಟೇ. ಈ ರಸ್ತೆ ಉದ್ದಕ್ಕೂ ಯಾವ ಕಂಪನಿನೂ ನಿನ್ನನ್ನ ಕಸ ಗುಡಿಸೋಕೂ ಒಳಗೆ ಬಿಡಬಾರ್ದು, ಹಾಗೆ ಮಾಡ್ತೀನಿ. ಸೈನ್ ಹಾಕಿದ್ರೆ ಕೆಲಸ ಉಳಿಯುತ್ತೆ. ನಾಲ್ಕು ಗಂಟೆಗೆ ಬರ್ತೀಯಾ, ಹಾಕ್ತೀಯಾ."

ಟೀ ಅಂಗಡಿಯಲ್ಲಿ ಅಂದಾನಿ ಟೀ ಮುಟ್ಟಲಿಲ್ಲ.

"ನನ್ ಬಾಯಿಗ್ ಮಣ್ಣಾಕ. ನಾನೇ ಕನವ್ವ ನಿಂಗೆ ಹೇಳ್ಕೊಟ್ಟಿದ್ದು."

"ಒತ್ತಿದ್ದು ನಾನು ಅಣ್ಣ."

"ನಮ್ಮನ್ಯಾಕ್ ಇಲ್ಲಿ ಕೂರ್ಸವ್ರೆ ಅಂತ ಈಗ್ ಗೊತ್ತಾಯ್ತು. ಕೇಸಾದ್ರೆ ಮಿಸೀನ್ನ ಜೈಲಿಗಾಕಕ್ಕಾದ್ದಾ? ಅದ್ಕೇ ನಾವು. ಸೂಳೆಮಕ್ಳು, ಕೈಕೋಳಕ್ಕೆ ಒಂದ್ ಜೊತೆ ಕೈ ಬೇಕು ಅಂತ ಸಂಬ್ಳ ಕೊಟ್ಟು ಮಡ್ಗವ್ರೆ."

"ಸೈನಾಕಿದ್ರೆ ಜೈಲು, ಆಕ್ದಿದ್ರೆ ಬೀದಿ. ಮಗ್ಳು ಮೌನನ್ ಪರೀಕ್ಸೆ ಮುಂದೈತೆ. ನಾ ಎಲ್ಲಿಗೋಗ್ಲಣ್ಣ?"

ಗೇಟಿನ ಕಡೆಯಿಂದ ಆ ಕೂಗು ಕೇಳಿಸುತ್ತಲೇ ಇತ್ತು. ಮೂರು ದಿನಕ್ಕೆ ಕೂಗುತ್ತಿದ್ದವನ ಗಂಟಲು ಒಡೆದುಹೋಗಿತ್ತು.

ನಾಲ್ಕು ಗಂಟೆಗೆ ಅವಳು ಹೋದಳು. ಗಿರಿಧರ್ ತನ್ನ ಜೇಬಿನ ಪೆನ್ನನ್ನೇ ಮುಚ್ಚಳ ತೆಗೆದು ಕೊಟ್ಟ. ಅನಸೂಯ ಹಾಳೆಯನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ತಮಿಳಿನಲ್ಲಿ ಬರೆಯತೊಡಗಿದಳು. ಅವಳು ಓದಿದ್ದು ಕ್ರೋಂಪೇಟೆಯ ಸರ್ಕಾರಿ ಶಾಲೆಯಲ್ಲಿ, ಕೈಗೆ ಬರುವ ಅಕ್ಷರ ಅದೇ.

"ಏನದು ಗೀಚ್ತಿರೋದು? ಮುಂದ್ಗಡೆ ಹಾಕು ಸೈನು."

ಅವಳು ತಲೆಯೆತ್ತಲಿಲ್ಲ. ಏಳು ಸೆಕೆಂಡು ಕೊಟ್ಟಿದ್ದರು. ಮಳೆಯ ದಿನವೂ ನೂರಕ್ಕೆ ಮೂರು ಎಂದಿದ್ದರು. ಸುಳ್ಳು ಕೇಸು ಕಳಿಸಿ, ಮರುಗಿದವರನ್ನು ನಿಲ್ಲಿಸಿ ಬೈಯುತ್ತಿದ್ದರು. ಫೋಟೋ ನಾನು ನೋಡಿದೆ. ಸುಳ್ಳು ಅಂದುಕೊಂಡೆ. ಒತ್ತಿದೆ. ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಮನೆಯ ವಿಳಾಸ ಬರೆದು ಸಹಿ ಹಾಕಿದಳು. ಹಾಳೆ ಮಡಿಚಿ ರವಿಕೆಯೊಳಕ್ಕೆ ಸೇರಿಸಿ ಎದ್ದಳು.

"ಏಯ್! ಕೊಡೇ ಅದನ್ನ! ಎಲ್ಲಿಗೆ ಹೊರಟೆ?"

"ಅಲ್ಲಿ ಕರೀತಾವ್ರೆ ಸಾರ್, ಮೂರ್ ದಿನದಿಂದ."

ಮೆಟ್ಟಿಲಲ್ಲಿ ಎರಡು ಸಲ ನಿಂತಳು. ವಾಪಸು ಹೋಗಿ ಸಾರ್ ತಪ್ಪಾಯ್ತು ಅಂದುಬಿಡಲೇ ಎನ್ನಿಸಿತು. ಮಗಳ ಮುಖ ಕಣ್ಣಿಗೆ ಬಂತು. ಆದರೂ ಇಳಿದಳು. ಗೇಟಿನ ಕಾವಲುಗಾರ ಅಡ್ಡ ಬಂದ, ಅವನ ಕೈ ಸರಿಸಿ ಹೊರಗೆ ಬಂದಳು.

"ಅಣ್ಣೇ," ಎಂದಳು. "ನಾನ್ ದಾನ್ ಪಾತ್ತೇನ್."

ನೋಡಿದವಳು ನಾನೇ. ಅವನು ಕೂಗುವುದನ್ನು ನಿಲ್ಲಿಸಿದ. ಕೆಂಪಡರಿದ ಕಣ್ಣುಗಳಿಂದ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. ಇಂಥವಳು ಬರುತ್ತಾಳೆಂದು ಅವನು ಅಂದುಕೊಂಡಿರಲಿಲ್ಲವೇನೋ. ಪಟ್ಟಿಗೆ ಹೊಲಿಗೆ ಹಾಕಿದ ಚಪ್ಪಲಿ, ಬಣ್ಣ ಬಿಟ್ಟ ಸೀರೆ.

"ಪಾತ್ತುಟ್ಟುಮಾ?" ನೋಡಿಯೂನಾ?

"ಪಾತ್ತುಟ್ಟು ದಾನ್. ಪೊಯ್ ನು ನೆನಚ್ಚೇನ್." ನೋಡಿಯೇ. ಸುಳ್ಳು ಅಂದುಕೊಂಡೆ.

ಹೊಡೆಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು. ಹೊಡೆಯಲಿಲ್ಲ. ಅವಳು ರವಿಕೆಯಿಂದ ಹಾಳೆ ತೆಗೆದು ಕೊಟ್ಟು, ನಿಮ್ಮ ವಕೀಲರಿಗೆ ಕೊಡಿ, ಎಲ್ಲಿ ಕರೆದರೂ ಬಂದು ಹೇಳುತ್ತೇನೆ ಎಂದಳು. ಅವನು ಅದನ್ನು ಓದಿದ. ನಿಧಾನವಾಗಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಎರಡು ಸಲ ಓದಿದ. ಆಮೇಲೆ ಕೋಲನ್ನು ಅವಳ ಕಡೆ ಚಾಚಿದ.

"ಪುಡಿ," ಎಂದ. ಹಿಡಿ.

ಅವಳು ಹಿಡಿದುಕೊಂಡಳು. ಅವನು ಅವಳಿಗೆ ಬೆನ್ನು ಹಾಕಿ, ಚರಂಡಿಯ ಕಟ್ಟೆಯ ಮೇಲೆ ಕುಕ್ಕರಿಸಿ, ಮುಖ ಮುಚ್ಚಿಕೊಂಡ. ಕೋಲು ಅವಳು ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಗಾಳಿಗೆ ಫ್ಲೆಕ್ಸು ಎಳೆದಾಡುತ್ತಿತ್ತು, ಎರಡೂ ಕೈ ಬೇಕಾಯಿತು. ಸೊಂಟದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಐದು ಗಂಟೆಯ ಪಾಳಿಯ ವ್ಯಾನುಗಳು ಒಂದರ ಹಿಂದೊಂದು ಗೇಟಿಗೆ ಬರುತ್ತಿದ್ದವು. ಅನಸೂಯ ದಾರಿಗೆ ಅಡ್ಡವಾಗಿ ನಿಂತಳು.