ತೊಳೆದಿಟ್ಟ ಲೋಟ

ನಮ್ಮಣ್ಣನಿಗೆ ಮನುಷ್ಯರನ್ನು ಅಳೆಯುವ ಕಲೆ ಗೊತ್ತಿತ್ತಂತೆ. ಹಾಗಂತ ಹೇಳುತ್ತಿದ್ದವನು ಅವನೇ. ನಮ್ಮದು ಹೊಲಿಗೆ ಅಂಗಡಿ; ಅಪ್ಪನ ಕಾಲದಿಂದಲೂ ಬಟ್ಟೆ ಕತ್ತರಿಸುವ ಮೇಜು ನನ್ನದು, ಗಲ್ಲಾ ಅವನದು. ಕೆಲಸ ಕೇಳಿಕೊಂಡು ಬಂದವರಿಗೆ ಅಣ್ಣ ಟೀ ಕೊಟ್ಟು, ಏನೋ ನೆಪ ಹೇಳಿ ಒಳಗೆ ಹೋಗುತ್ತಿದ್ದ. ಕುಡಿದ ಲೋಟವನ್ನು ತಾವಾಗಿಯೇ ತೊಳೆದಿಟ್ಟವರಿಗೆ ಕೆಲಸ. ಇದನ್ನು ಗುಟ್ಟಾಗಿಟ್ಟುಕೊಂಡಿದ್ದರೂ ಒಂದು ಮಾತು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ.

ಕಳೆದ ವರ್ಷ ಮೆಷಿನ್ನಿಗೆ ಒಬ್ಬರು ಬೇಕಾಯಿತು. ಮೊದಲು ಬಂದದ್ದು ಒಬ್ಬ ಎತ್ತರದ ಹೆಂಗಸು. ಹಳೇ ಅಂಗಡಿ ಯಾಕಮ್ಮ ಬಿಟ್ಟೆ ಎಂದು ಅಣ್ಣ ಕೇಳಿದ.

“ಜಗಳ ಆಡ್ಕೊಂಡೇ ಬಿಟ್ಟೆ. ಗಿರಾಕಿಗಳ ಬಟ್ಟೇಲಿ ಉಳಿದಿದ್ದನ್ನ ಅಲ್ಲಿನ ಯಜಮಾನ್ರು ಮಾರ್ಕೋತಿದ್ರು. ಮುಖದ ಮೇಲೇ ಹೇಳ್ಬಿಟ್ಟೆ.”

ಲೋಟ ಅಲ್ಲೇ ಬಿಟ್ಟು ಹೋದಳು.

“ಬಾಯಿ ಜೋರು. ಲೋಟಾನೂ ತೊಳೀಲಿಲ್ಲ,” ಅಂದ ಅಣ್ಣ.

“ನಿಜ ಹೇಳಿದ್ಳು ಕಣೋ. ಅವಳನ್ನೇ ತಗೋ.”

“ನೀನು ಬಟ್ಟೆ ಕತ್ತರಿಸು. ಮನುಷ್ಯರನ್ನ ನನಗೆ ಬಿಡು.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಎರಡನೆಯವನು ನಯದ ಆಸಾಮಿ. ತನ್ನ ಲೋಟ ತೊಳೆದ, ಅಣ್ಣನದನ್ನೂ ತೊಳೆದ, ನಾನು ಅರ್ಧ ಕುಡಿದಿಟ್ಟಿದ್ದ ಟೀಯನ್ನೂ ಚೆಲ್ಲಿ ಆ ಲೋಟ ತೊಳೆದ. ಕೈ ಒರೆಸಿಕೊಳ್ಳುತ್ತ, ಅಣ್ಣ ನೋಡಿದನೋ ಇಲ್ಲವೋ ಎಂದು ಒಳಬಾಗಿಲ ಕಡೆ ಕಣ್ಣು ಹಾಯಿಸಿದ. ಬಾಗಿಲ ಮರೆಯಲ್ಲಿದ್ದ ಅಣ್ಣನ ಕಣ್ಣು ತುಂಬಿ ಬಂದಿತ್ತು; ಅವತ್ತೇ ಕೆಲಸ ಕೊಟ್ಟ. ನನಗೆ ಮೈಯೆಲ್ಲ ಉರಿಯಿತು.

ಉಳಿದ ಬಟ್ಟೆಯನ್ನು ಗಿರಾಕಿಗೇ ಕಟ್ಟಿಕೊಡುವುದು ಅಪ್ಪ ಹಾಕಿದ ಪದ್ಧತಿ. ಬರಬರುತ್ತ ನಾನು ಕಟ್ಟಿಟ್ಟ ಗಂಟುಗಳು ಆ ಹೊಸಬನ ಮೆಷಿನ್ ದಾಟುವಷ್ಟರಲ್ಲಿ ತೆಳ್ಳಗಾಗತೊಡಗಿದವು. ಗಿರಾಕಿಗಳು ದೂರು ತಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ನಮ್ಮಣ್ಣನ ಹಿತ್ತಾಳೆ ಕಿವಿ ಸೇರಿದ್ದ.

“ಹೇಳ್ಬಾರ್ದು ಯಜಮಾನ್ರೇ, ನಿಮ್ಮ ಒಡಹುಟ್ಟಿದೋರು...”

ಅಣ್ಣ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡ. “ಅಪ್ಪನ ಹೆಸರು ಕೆಡಿಸ್ಬಿಟ್ಯಲ್ಲೇ. ಹೋಗು,” ಅಂದ. ಆ ಮೇಜಿನ ಕೆಳಗೇ ಆಡಿ ಬೆಳೆದ ಅಣ್ಣತಂಗಿ ನಾವು. ತೊಳೆದ ಲೋಟದ ಮುಂದೆ ತಂಗಿಗೆ ಬೆಲೆಯಿಲ್ಲ.

ಕಳ್ಳಿ ಅನ್ನಿಸಿಕೊಂಡವಳಿಗೆ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಆ ಎತ್ತರದ ಹೆಂಗಸಿನ ಬಾಗಿಲಿಗೇ ಹೋದೆ. ಈಗ ಅವಳದೇ ಒಂದು ಪುಟ್ಟ ಅಂಗಡಿ. ಟೀ ಕೊಟ್ಟಳು. ಕುಡಿದವಳೇ ಲೋಟ ಹಿಡಿದು ಎದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಅದನ್ನ ಅಲ್ಲೇ ಇಡಿ. ಅಣ್ಣನ ಅಂಗಡಿ ಯಾಕೆ ಬಿಟ್ರಿ?”

“ಬಟ್ಟೆ ಕದ್ದೆ ಅಂತ ನಮ್ಮಣ್ಣ ಆಚೆ ಹಾಕಿದ.”

ಅವಳು ನನ್ನ ಮುಖವನ್ನೇ ನೋಡಿದಳು.

“ಕದ್ದಿದ್ರಾ?”

“ಇಲ್ಲ,” ಅಂದೆ. ನಮ್ಮಣ್ಣ ಇದೊಂದು ಮಾತನ್ನು ನನ್ನ ಕೇಳಿರಲೇ ಇಲ್ಲ.